ಅನುಕ್ರಮ ಮ್ಯಾಪಿಂಗ್: ಕ್ವೆರಿ ಭಾಷೆಗಳಲ್ಲಿ ಅದರ ವಾಕ್ಯರಚನೆ

ಅನುಕ್ರಮ ಮ್ಯಾಪಿಂಗ್ ಎಂದರೆ ಒಂದು ಅನುಕ್ರಮದ ಪ್ರತಿ ಘಟಕಕ್ಕೂ ಒಂದೇ ಫಂಕ್ಷನ್ನನ್ನು ಅನ್ವಯಿಸಿ, ಬಂದ ಫಲಿತಗಳನ್ನು ಮೂಲದ ಕ್ರಮದಲ್ಲೇ ಜೋಡಿಸಿ ಹೊಸ ಅನುಕ್ರಮ ಪಡೆಯುವ ಕ್ರಿಯೆ. ದತ್ತಾಂಶದಿಂದ ಬೇಕಾದುದನ್ನು ಕೇಳಿ ಪಡೆಯಲು ಇರುವ ಕ್ವೆರಿ ಭಾಷೆಗಳಲ್ಲಿ ಇದು ಮೂಲಭೂತ ಕ್ರಿಯೆಗಳಲ್ಲಿ ಒಂದು. ಅದನ್ನು ಬರೆಯುವ ರೀತಿ ಮಾತ್ರ ಭಾಷೆಯಿಂದ ಭಾಷೆಗೆ ಬೇರೆ: ಕೆಲವೆಡೆ ಒಂದೇ ಚಿಹ್ನೆ, ಕೆಲವೆಡೆ ಒಂದು ಪೂರ್ಣ ವಾಕ್ಯ, ಕೆಲವೆಡೆ ಒಂದು ಫಂಕ್ಷನ್ ಕರೆ.

ಈ ಲೇಖನದಲ್ಲಿ ‘ಅನುಕ್ರಮ’ ಎಂಬುದು ಕ್ರಮಕ್ಕೂ ಪುನರಾವೃತ್ತಿಗೂ ಬೆಲೆ ಇರುವ ಪಟ್ಟಿ. 100, 45, 100 ಎಂಬುದು ಮೂರು ಘಟಕಗಳ ಅನುಕ್ರಮ. ಅದನ್ನೇ ‘ಗಣ’ ಎಂದು ಎಣಿಸಿದರೆ ಉಳಿಯುವುದು ಎರಡೇ ಸಂಖ್ಯೆ. ಯಾವುದು ಮೊದಲು ಎಂಬ ಪ್ರಶ್ನೆಯೂ ಇರುವುದಿಲ್ಲ. ‘ಘಟಕ’ ಎಂದರೆ ಅನುಕ್ರಮದ ಒಂದು ಸದಸ್ಯ, ‘ನೋಡ್’ ಎಂದರೆ ಎಕ್ಸ್‌ಎಂಎಲ್ ದಾಖಲೆಯ ಮರದಲ್ಲಿನ ಒಂದು ಗೆಣ್ಣು. ಯಾವ ಕ್ಷಣದಲ್ಲಿ ಯಾವ ಘಟಕದ ಮೇಲೆ ಕೆಲಸ ನಡೆಯುತ್ತಿದೆಯೋ ಅದು ‘ಪ್ರಸ್ತುತ ಘಟಕ’.

ಹಿನ್ನೆಲೆ

ಒಂದು ಪಟ್ಟಿಯ ಒಂದೊಂದು ಸದಸ್ಯಕ್ಕೆ ಇನ್ನೊಂದು ಪಟ್ಟಿಯ ಒಂದೊಂದನ್ನು ಹೊಂದಿಸುವ ಸಂಕ್ಷಿಪ್ತ ಬರವಣಿಗೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಪಾಣಿನಿಯ ಅಷ್ಟಾಧ್ಯಾಯಿಯ 1.3.10ನೆಯ ಸೂತ್ರ ಇದನ್ನು ಸಾಮಾನ್ಯ ನಿಯಮವಾಗಿಯೇ ವಿಧಿಸುತ್ತದೆ: ಸಮಸಂಖ್ಯೆಯ ಎರಡು ಪಟ್ಟಿಗಳು ಬಂದಾಗ ಒಂದನೆಯದಕ್ಕೆ ಒಂದನೆಯದು, ಎರಡನೆಯದಕ್ಕೆ ಎರಡನೆಯದು. ಯಣ್ ಸಂಧಿಯ ಸೂತ್ರ (6.1.77) ಚಿಕ್ಕದಾಗಿರಲು ಸಾಧ್ಯವಾದದ್ದು ಈ ನಿಯಮದ ಬಲದಿಂದ. ಕನ್ನಡ ಶಾಲಾ ವ್ಯಾಕರಣದ ಆದೇಶ ಸಂಧಿಯೂ ಹೀಗೆಯೇ: ಉತ್ತರಪದದ ಮೊದಲ ಕ, ತ, ಪಗಳಿಗೆ ಕ್ರಮವಾಗಿ ಗ, ದ, ಬಗಳು ಬರುತ್ತವೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕಂಪ್ಯೂಟರ್ ಭಾಷೆಗಳ ಪರಿಭಾಷೆಯಲ್ಲಿ ಇದು ಜೋಡಿ ಮ್ಯಾಪಿಂಗ್. ಒಂದು ವ್ಯತ್ಯಾಸವಿದೆ: ಪಾಣಿನಿಯ ನಿಯಮ ಅನ್ವಯಿಸುವುದು ಪಟ್ಟಿಗಳ ಉದ್ದ ಸಮವಾಗಿದ್ದರೆ ಮಾತ್ರ, ಎಕ್ಸ್‌ಎಂಎಲ್‌ನ ಕ್ವೆರಿ ಭಾಷೆಯಾದ ಎಕ್ಸ್‌ಕ್ವೆರಿಯ ಜೋಡಿ ಮ್ಯಾಪಿಂಗ್ ಫಂಕ್ಷನ್ ಗಿಡ್ಡ ಪಟ್ಟಿ ಮುಗಿದ ಕೂಡಲೇ ಸದ್ದಿಲ್ಲದೆ ನಿಂತುಬಿಡುತ್ತದೆ.

ಪ್ರೋಗ್ರಾಮಿಂಗ್‌ನಲ್ಲಿ ಮ್ಯಾಪಿಂಗ್ ಹೆಸರುಳ್ಳ ಫಂಕ್ಷನ್ನಾಗಿ ಕಾಣಿಸಿಕೊಂಡದ್ದು ಲಿಸ್ಪ್ ಭಾಷೆಯಲ್ಲಿ. ಜಾನ್ ಮೆಕಾರ್ಥಿ 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲೇ ಪಟ್ಟಿಯ ಮೇಲೆ ಫಂಕ್ಷನ್ ಓಡಿಸುವ ‘ಮ್ಯಾಪ್‌ಲಿಸ್ಟ್’ ಇದೆ. 1962ರಲ್ಲಿ ಕೆನೆತ್ ಐವರ್ಸನ್ ಪುಸ್ತಕವಾಗಿ ತಂದ ಎಪಿಎಲ್ ಸಂಕೇತಪದ್ಧತಿ ಇನ್ನೊಂದು ತುದಿಗೆ ಹೋಯಿತು: ಅಲ್ಲಿ ಪಟ್ಟಿಗೆ ಒಂದು ಸಂಖ್ಯೆ ಕೂಡಿಸಿದರೆ ಪ್ರತಿ ಸದಸ್ಯಕ್ಕೂ ಕೂಡುತ್ತದೆ, ಮ್ಯಾಪಿಂಗ್‌ಗೆ ಚಿಹ್ನೆಯೇ ಬೇಡ.

ಡೇಟಾಬೇಸ್ ಲೋಕ ಬೇರೆ ದಾರಿ ಹಿಡಿಯಿತು. ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ಸಂಬಂಧ ಮಾದರಿ ಗಣಗಳ ಮೇಲೆ ನಿಂತಿದೆ, ಸಾಲುಗಳಿಗೆ ಕ್ರಮವಿಲ್ಲ. 1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ರೂಪಿಸಿದ ಸೀಕ್ವೆಲ್, ಅಂದರೆ ಇಂದಿನ ಎಸ್‌ಕ್ಯುಎಲ್, ‘ಸೆಲೆಕ್ಟ್’ ಪದದ ಮುಂದೆ ಬರೆದ ಸೂತ್ರವನ್ನು ಪ್ರತಿ ಸಾಲಿಗೂ ಅನ್ವಯಿಸುತ್ತದೆ. ಅದು ಮ್ಯಾಪಿಂಗ್ ಹೌದು. ಆದರೆ ಕ್ರಮ ಬೇಕೆಂದರೆ ಬೇರೆಯಾಗಿ ಕೇಳಬೇಕು. ಎಕ್ಸ್‌ಎಂಎಲ್ 1998ರಲ್ಲಿ ಬಂದಾಗ ಈ ಮಾದರಿ ಸಾಲದಾಯಿತು, ಏಕೆಂದರೆ ದಾಖಲೆಯೊಂದರಲ್ಲಿ ಪ್ಯಾರಾಗಳ ಕ್ರಮವೇ ಅರ್ಥ. ಶಾಸನಪಾಠಕ್ಕೂ ಇದೇ ಮಾತು: ಬಿ. ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟದಲ್ಲಿ ಅರಸೀಕೆರೆ, ಬೇಲೂರು ಸೀಮೆಯ ಶಾಸನಗಳಿವೆ. ಅವುಗಳ ಸಾಲುಗಳನ್ನು ಗಣವೆಂದು ಬಗೆದರೆ ಪಾಠವೇ ಕೆಡುತ್ತದೆ.

ಎಕ್ಸ್‌ಎಂಎಲ್ ಮರದಿಂದ ನೋಡ್‌ಗಳನ್ನು ಆರಿಸುವ ಎಕ್ಸ್‌ಪಾತ್ ಭಾಷೆಯ ಮೊದಲ ಆವೃತ್ತಿ (1999) ಆಗಲೂ ನೋಡ್‌ಗಳ ಗಣವನ್ನೇ ಹಿಂತಿರುಗಿಸುತ್ತಿತ್ತು. ಚೇಂಬರ್ಲಿನ್, ಜೊನಾಥನ್ ರಾಬಿ ಮತ್ತು ಡ್ಯಾನಿಯೆಲಾ ಫ್ಲೊರೆಸ್ಕು 2000ದಲ್ಲಿ ರೂಪಿಸಿದ ಕ್ವಿಲ್ಟ್ ಎಂಬ ಭಾಷೆಯಿಂದ ಎಕ್ಸ್‌ಕ್ವೆರಿ ಬೆಳೆಯಿತು. ಎಕ್ಸ್‌ಕ್ವೆರಿ 1.0 ಮತ್ತು ಎಕ್ಸ್‌ಪಾತ್ 2.0 ಎರಡೂ 2007ರ ಜನವರಿಯಲ್ಲಿ ಡಬ್ಲ್ಯು3ಸಿ ಶಿಫಾರಸುಗಳಾದವು. ಅವುಗಳ ದತ್ತಾಂಶ ಮಾದರಿಯ ಬುನಾದಿ ಅನುಕ್ರಮ. ಮ್ಯಾಪಿಂಗ್‌ಗೆಂದೇ ಮೀಸಲಾದ ಆಶ್ಚರ್ಯಸೂಚಕ ಚಿಹ್ನೆ (!) ಸೇರಿದ್ದು 2014ರ ಏಪ್ರಿಲ್‌ನಲ್ಲಿ ಶಿಫಾರಸಾದ 3.0 ಆವೃತ್ತಿಗಳಲ್ಲಿ.

ಒಂದು ಉದಾಹರಣೆ: ಗಂಡಸಿ ಹೋಬಳಿಯ ಪಹಣಿ

ಕರ್ನಾಟಕದಲ್ಲಿ ಬಹಳ ಜನ ಮುಟ್ಟುವ ಶ್ರೇಣೀಕೃತ ದತ್ತಾಂಶ ಜಮೀನಿನ ದಾಖಲೆಯಾದ ಪಹಣಿ. ಭೂಮಿ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, ಕೈಬರಹದ ಪ್ರತಿಗಳ ಜಾಗದಲ್ಲಿ ತಾಲ್ಲೂಕು ಕಿಯಾಸ್ಕ್‌ಗಳಿಂದ ಮುದ್ರಿತ ಪ್ರತಿ ಕೊಡುವ ವ್ಯವಸ್ಥೆ ತಂದಿತು. ಪಹಣಿ ಹುಡುಕುವವರು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸೆ ಎಂದು ಒಂದರ ಒಳಗೊಂದು ಇಳಿಯುತ್ತಾರೆ: ಹಾಸನ, ಅರಸೀಕೆರೆ, ಗಂಡಸಿ, ಹೀಗೆ. ವಿಸ್ತೀರ್ಣ ಎಕರೆ-ಗುಂಟೆಯಲ್ಲಿ ಇರುತ್ತದೆ. 40 ಗುಂಟೆಗೆ ಒಂದು ಎಕರೆ, ಒಂದು ಗುಂಟೆಗೆ 1,089 ಚದರ ಅಡಿ.

ಮುಂದಿನ ವಿವರಣೆಗಾಗಿ ಗಂಡಸಿ ಹೋಬಳಿಯ ಒಂದು ಸರ್ವೆ ನಂಬರನ್ನು ಕಲ್ಪಿಸಿಕೊಳ್ಳಲಾಗಿದೆ. ಇದು ಯಾರ ಜಮೀನಿನ ನಿಜ ದಾಖಲೆಯೂ ಅಲ್ಲ. ಅದರಲ್ಲಿ ಮೂರು ಹಿಸ್ಸೆ: 2 ಎಕರೆ 20 ಗುಂಟೆ, 1 ಎಕರೆ 5 ಗುಂಟೆ, 2 ಎಕರೆ 20 ಗುಂಟೆ. ಎರಡನೆಯದರಲ್ಲಿ 5 ಗುಂಟೆ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ. ಇವನ್ನು ದಶಾಂಶವೆಂದು ಬಗೆದು 2.20, 1.05, 2.20 ಕೂಡಿಸಿದರೆ 5.45 ಎಂಬ ತಪ್ಪು ಉತ್ತರ ಬರುತ್ತದೆ. ಸರಿಯಾದ ಮೊತ್ತ 6 ಎಕರೆ 5 ಗುಂಟೆ. ಹಾಗಾಗಿ ಕೂಡಿಸುವ ಮೊದಲು ಪ್ರತಿ ಹಿಸ್ಸೆಯನ್ನೂ ಗುಂಟೆಗೆ ಪರಿವರ್ತಿಸಬೇಕು. ಮ್ಯಾಪಿಂಗ್ ಬೇಕಾಗುವುದು ಇಲ್ಲಿ.

ಎಕ್ಸ್‌ಎಂಎಲ್ ಹೆಸರುಗಳಲ್ಲಿ ಕನ್ನಡ ಅಕ್ಷರ ಬಳಸಲು ಮೊದಲಿನಿಂದಲೂ ಅನುಮತಿ ಇದೆ. ಆದ್ದರಿಂದ ಕೆಳಗಿನ ಸಾಲು ಎಕ್ಸ್‌ಪಾತ್ 3.0ರಲ್ಲಿ ಇದ್ದಂತೆಯೇ ಓಡುತ್ತದೆ:

//ಹಿಸ್ಸೆ ! (ಎಕರೆ * 40 + ಗುಂಟೆ)

ಫಲಿತ 100, 45, 100. ಎಡಗಡೆ ಅನುಕ್ರಮ, ಬಲಗಡೆ ಪ್ರತಿ ಘಟಕಕ್ಕೆ ಅನ್ವಯಿಸುವ ಸೂತ್ರ. ಬಲಗಡೆ ‘ಎಕರೆ’ ಎಂದರೆ ಪ್ರಸ್ತುತ ಹಿಸ್ಸೆಯ ಎಕರೆ. ಚದರ ಅಡಿ ಬೇಕಿದ್ದರೆ ಸರಪಳಿ ಮುಂದುವರಿಸಬಹುದು:

//ಹಿಸ್ಸೆ ! (ಎಕರೆ * 40 + ಗುಂಟೆ) ! (. * 1089)

ಚುಕ್ಕೆ ಎಂದರೆ ಪ್ರಸ್ತುತ ಘಟಕ. ಈಗ ಬರುವುದು 108900, 49005, 108900.

ಬರೆಯುವ ವಿಧಗಳು

ಪಥ ಚಿಹ್ನೆ. ಎಕ್ಸ್‌ಪಾತ್‌ನ ಓರೆಗೆರೆ (/) ಕೂಡ ಒಂದು ಬಗೆಯ ಮ್ಯಾಪಿಂಗ್. ಎಡಗಡೆಯ ಪ್ರತಿ ನೋಡ್‌ನಿಂದಲೂ ಅದು ಮುಂದಿನ ಹೆಜ್ಜೆ ಇಡುತ್ತದೆ. ಆದರೆ ಅದರ ಎಡಗಡೆ ನೋಡ್‌ಗಳೇ ಇರಬೇಕು, ಸಂಖ್ಯೆ ಇದ್ದರೆ ದೋಷ. ಜೊತೆಗೆ, ಫಲಿತವೂ ನೋಡ್‌ಗಳಾಗಿದ್ದರೆ ಅವನ್ನು ದಾಖಲೆಯ ಕ್ರಮಕ್ಕೆ ಮರುಜೋಡಿಸಿ ಪುನರಾವೃತ್ತಿ ತೆಗೆದುಹಾಕುತ್ತದೆ. ಎರಡು ಚಿಹ್ನೆಗಳ ಅಂತರ ಈ ಜೋಡಿಯಲ್ಲಿ ಸ್ಪಷ್ಟ:

//ಹಿಸ್ಸೆ/..
//ಹಿಸ್ಸೆ ! ..

ಎರಡು ಚುಕ್ಕೆ ಎಂದರೆ ಮೇಲಿನ ನೋಡ್. ಮೊದಲ ಸಾಲು ಸರ್ವೆ ನಂಬರನ್ನು ಒಂದು ಬಾರಿ ಕೊಡುತ್ತದೆ. ಎರಡನೆಯದು ಅದೇ ಸರ್ವೆ ನಂಬರನ್ನು ಮೂರು ಬಾರಿ ಕೊಡುತ್ತದೆ, ಹಿಸ್ಸೆಗೊಂದರಂತೆ. ಎಷ್ಟು ಸರ್ವೆ ನಂಬರುಗಳಿವೆ ಎಂದು ಎಣಿಸುವವರಿಗೆ ಮೊದಲನೆಯದು ಬೇಕು. ಪ್ರತಿ ಹಿಸ್ಸೆಯ ಎದುರು ಅದರ ಸರ್ವೆ ನಂಬರ್ ಬರೆಯುವವರಿಗೆ ಎರಡನೆಯದು.

ಚರ ಬಂಧನ. ‘ಫಾರ್’ ಮತ್ತು ‘ರಿಟರ್ನ್’ ಪದಗಳಿಂದ ಕಟ್ಟಿದ ವಾಕ್ಯದಲ್ಲಿ ಪ್ರಸ್ತುತ ಘಟಕಕ್ಕೆ ಡಾಲರ್ ಚಿಹ್ನೆಯ ಹೆಸರೊಂದು ಸಿಗುತ್ತದೆ. ಬರವಣಿಗೆ ಉದ್ದವಾಗುತ್ತದೆ, ಆದರೆ ಒಂದರೊಳಗೊಂದು ಮ್ಯಾಪಿಂಗ್ ಇರುವಾಗ ಇದೇ ಸುರಕ್ಷಿತ. ಚುಕ್ಕೆ ಯಾವಾಗಲೂ ಒಳಗಿನ ಘಟಕವನ್ನೇ ಸೂಚಿಸುವುದರಿಂದ, ಎರಡು ಹಂತ ಇಳಿದ ಮೇಲೆ ಹೊರಗಿನ ಘಟಕ ಕೈತಪ್ಪಿರುತ್ತದೆ. ಈ ‘ಫಾರ್-ರಿಟರ್ನ್’ ರೂಪದ ಮೂಲ ಗಣಿತದ ಗಣನಿರೂಪಣೆ. ಪೀಟರ್ ಬುನೆಮನ್ ಮತ್ತು ಸಂಗಡಿಗರು 1994ರಲ್ಲಿ ಇದೇ ರೂಪ ಕ್ವೆರಿ ಭಾಷೆಗಳಿಗೆ ಸಾಮಾನ್ಯ ತಳಹದಿಯಾಗಬಲ್ಲುದೆಂದು ತೋರಿಸಿದರು. 2007ರಲ್ಲಿ ಮೈಕ್ರೋಸಾಫ್ಟ್ ಸಿ-ಶಾರ್ಪ್ ಭಾಷೆಗೆ ಸೇರಿಸಿದ ಲಿಂಕ್, ಗ್ರಾಫ್ ಡೇಟಾಬೇಸ್‌ಗಳ ಸೈಫರ್ ಇವೆಲ್ಲ ಈ ವಂಶದವು.

ಉನ್ನತ ಶ್ರೇಣಿಯ ಫಂಕ್ಷನ್. ಅನುಕ್ರಮ ಮತ್ತು ಫಂಕ್ಷನ್ ಎರಡನ್ನೂ ಆರ್ಗ್ಯುಮೆಂಟ್ ಆಗಿ ಪಡೆಯುವ ಫಂಕ್ಷನ್ ಇದು. ಎಕ್ಸ್‌ಪಾತ್ 3.0ರ ಕರಡುಗಳಲ್ಲಿ ಇದರ ಹೆಸರು ‘ಮ್ಯಾಪ್’ ಎಂದಿತ್ತು. ಕೀ-ಮೌಲ್ಯ ಜೋಡಿಗಳ ದತ್ತಾಂಶ ಬಗೆಗೂ ಅದೇ ಹೆಸರು ಬರುವುದಿದ್ದ ಕಾರಣ ‘ಫಾರ್-ಈಚ್’ ಎಂದು ಬದಲಾಯಿತು. ಹೆಸರಿರುವ ಫಂಕ್ಷನ್ ಆಗಲೇ ಇದ್ದರೆ ಈ ರೂಪ ಅನುಕೂಲ. ಸ್ಪಾರ್ಕ್ ಎಸ್‌ಕ್ಯುಎಲ್ 2018ರ 2.4 ಆವೃತ್ತಿಯಲ್ಲಿ ಸೇರಿಸಿದ ‘ಟ್ರಾನ್ಸ್‌ಫಾರ್ಮ್’ ಇದೇ ಮಾದರಿಯದು.

ಬಾಣ. 2017ರ ಮಾರ್ಚ್‌ನಲ್ಲಿ ಶಿಫಾರಸಾದ 3.1 ಆವೃತ್ತಿಯಲ್ಲಿ => ಚಿಹ್ನೆ ಬಂತು. ನೋಡಲು ಮ್ಯಾಪಿಂಗ್‌ನಂತೆ ಕಂಡರೂ ಇದು ಮ್ಯಾಪಿಂಗ್ ಅಲ್ಲ: ಎಡಗಡೆಯ ಇಡೀ ಅನುಕ್ರಮವನ್ನು ಒಟ್ಟಾಗಿ ಬಲಗಡೆಯ ಫಂಕ್ಷನ್ನಿಗೆ ಮೊದಲ ಆರ್ಗ್ಯುಮೆಂಟ್ ಆಗಿ ಕೊಡುತ್ತದೆ. ಹಿಸ್ಸೆಯನ್ನು ಗುಂಟೆಗೆ ತಿರುಗಿಸುವ ‘ಭೂ:ಗುಂಟೆಗೆ’ ಎಂಬ ಫಂಕ್ಷನ್ ಬರೆದುಕೊಂಡಿದ್ದೇವೆ ಎಂದಿಟ್ಟುಕೊಂಡರೆ:

//ಹಿಸ್ಸೆ ! ಭೂ:ಗುಂಟೆಗೆ(.)
//ಹಿಸ್ಸೆ => ಭೂ:ಗುಂಟೆಗೆ()

ಮೊದಲನೆಯದು ಫಂಕ್ಷನ್ನನ್ನು ಮೂರು ಬಾರಿ ಕರೆಯುತ್ತದೆ. ಎರಡನೆಯದು ಒಂದೇ ಬಾರಿ ಕರೆದು ಮೂರು ಹಿಸ್ಸೆಗಳನ್ನೂ ಅದರ ಕೈಗಿಡುತ್ತದೆ. ಫಂಕ್ಷನ್ ಒಂದು ಹಿಸ್ಸೆಯನ್ನಷ್ಟೇ ಒಪ್ಪುವುದಾದರೆ ಅಲ್ಲಿ ದೋಷ. ಮೊತ್ತ, ಎಣಿಕೆಯಂಥ ಕೆಲಸಕ್ಕೆ ಬಾಣವೇ ಸರಿ.

ಕೊಳವೆ ಮಾದರಿ. ಸ್ಟೀಫನ್ ಡೋಲನ್ 2012ರಲ್ಲಿ ಬಿಡುಗಡೆ ಮಾಡಿದ ಜೇಕ್ಯು ಭಾಷೆಯಲ್ಲಿ .[] ಎಂಬುದು ಪಟ್ಟಿಯನ್ನು ಬಿಡಿಬಿಡಿಯಾಗಿಸುತ್ತದೆ, ನೆಟ್ಟಗೆರೆ (|) ಪ್ರತಿ ಬಿಡಿಯನ್ನೂ ಮುಂದಕ್ಕೆ ದಾಟಿಸುತ್ತದೆ. ಚುಕ್ಕೆ ಇಲ್ಲಿಯೂ ಪ್ರಸ್ತುತ ಘಟಕವೇ. ಮಾಂಗೊಡಿಬಿಯಲ್ಲಿ ಕ್ವೆರಿಯೇ ಜೇಸಾನ್ ರೂಪದಲ್ಲಿರುವುದರಿಂದ ಮ್ಯಾಪಿಂಗ್‌ಗೆ ಬೇರೆ ವಾಕ್ಯರಚನೆ ಇಲ್ಲ, ಕೀಗಳಷ್ಟೇ.

ವಿನ್ಯಾಸದ ಪ್ರಶ್ನೆಗಳು

ಮ್ಯಾಪಿಂಗ್ ಚಿಹ್ನೆಯ ವಿನ್ಯಾಸದಲ್ಲಿ ಕಷ್ಟದ ಭಾಗ ಚಿಹ್ನೆಯ ಆಯ್ಕೆಯಲ್ಲ, ಅದು ಹೇಳದೆ ಒಳಗಿಟ್ಟುಕೊಳ್ಳುವ ತೀರ್ಮಾನಗಳು.

ಮೊದಲನೆಯದು ಆದ್ಯತೆ. ಎಕ್ಸ್‌ಪಾತ್‌ನಲ್ಲಿ ! ಚಿಹ್ನೆ ಪಥ ಚಿಹ್ನೆಗಿಂತ ಸಡಿಲ, ಗಣಿತ ಚಿಹ್ನೆಗಳಿಗಿಂತ ಬಿಗಿ. ಹಾಗಾಗಿ ಆವರಣ ಬಿಟ್ಟು

//ಹಿಸ್ಸೆ ! ಎಕರೆ * 40 + ಗುಂಟೆ

ಎಂದು ಬರೆದರೆ ಯಂತ್ರ ಅದನ್ನು ಮೊದಲು ಎಲ್ಲ ಹಿಸ್ಸೆಗಳ ಎಕರೆ ತೆಗೆದು, ಆ ಇಡೀ ಅನುಕ್ರಮವನ್ನು 40ರಿಂದ ಗುಣಿಸು ಎಂದು ಓದುತ್ತದೆ. ಮೂರು ಘಟಕಗಳ ಅನುಕ್ರಮವನ್ನು ಗುಣಿಸಲಾಗದೆ ದೋಷ ತೋರಿಸುತ್ತದೆ. ಅಷ್ಟಾದರೆ ಪರವಾಗಿಲ್ಲ. ದಾಖಲೆಯಲ್ಲಿ ಒಂದೇ ಹಿಸ್ಸೆ ಇದ್ದರೆ ಗುಣಾಕಾರ ನಡೆದುಹೋಗುತ್ತದೆ. ನಂತರದ ‘ಗುಂಟೆ’ಯನ್ನು ಮಾತ್ರ ಹಿಸ್ಸೆಯೊಳಗೆ ಅಲ್ಲ, ದಾಖಲೆಯ ಬುಡದಲ್ಲಿ ಹುಡುಕುತ್ತದೆ. ಅಲ್ಲಿ ಅದು ಇಲ್ಲ. ಇಲ್ಲದ್ದನ್ನು ಕೂಡಿಸಿದರೆ ಶೂನ್ಯ ಅನುಕ್ರಮ, ಅಂದರೆ ಉತ್ತರವೂ ಇಲ್ಲ, ದೋಷದ ಸೂಚನೆಯೂ ಇಲ್ಲ. ಒಂದೇ ಹಿಸ್ಸೆಯ ಮಾದರಿ ಕಡತದ ಮೇಲೆ ಪರೀಕ್ಷೆ ನಡೆಸುವವರಿಗೆ ಇದು ಬೇಗ ಹಿಡಿಯುವ ತಪ್ಪಲ್ಲ.

ಎರಡನೆಯದು ಚಪ್ಪಟೆಯಾಗುವಿಕೆ. ಎಕ್ಸ್‌ಕ್ವೆರಿಯಲ್ಲಿ ಅನುಕ್ರಮದೊಳಗೆ ಅನುಕ್ರಮ ಇರುವುದಿಲ್ಲ. ಒಂದು ಘಟಕವೂ ಆ ಒಂದೇ ಘಟಕದ ಅನುಕ್ರಮವೂ ಒಂದೇ. ಹಾಗಾಗಿ ಫಂಕ್ಷನ್ ಒಂದು ಘಟಕಕ್ಕೆ ಮೂರು ಫಲಿತ ಕೊಟ್ಟರೆ ಮೂರೂ ಸಾಲಾಗಿ ಸೇರುತ್ತವೆ, ಏನೂ ಕೊಡದಿದ್ದರೆ ಆ ಘಟಕದ ಗುರುತೇ ಉಳಿಯುವುದಿಲ್ಲ. ಖರಾಬು ಕಳೆಯಲು ಹೊರಟ ಈ ಸಾಲನ್ನು ನೋಡಬಹುದು:

//ಹಿಸ್ಸೆ ! (ಎಕರೆ * 40 + ಗುಂಟೆ - ಖರಾಬು)

ಖರಾಬು ಇರುವುದು ಎರಡನೆಯ ಹಿಸ್ಸೆಗೆ ಮಾತ್ರ. ಉಳಿದೆರಡರಲ್ಲಿ ಆ ಅಂಶವೇ ಇಲ್ಲದ್ದರಿಂದ ಅವುಗಳ ಫಲಿತ ಶೂನ್ಯ ಅನುಕ್ರಮವಾಗಿ ಕಾಣೆಯಾಗುತ್ತದೆ. ಉತ್ತರ 40 ಎಂಬ ಒಂದೇ ಸಂಖ್ಯೆ. ಮೊತ್ತ ಕೇಳಿದರೆ ಒಂದು ಎಕರೆ. ಸರಿಪಡಿಸುವ ರೂಢಿಯ ದಾರಿ ಹೀಗೆ:

//ಹಿಸ್ಸೆ ! (ಎಕರೆ * 40 + ಗುಂಟೆ - (ಖರಾಬು, 0)[1])

ಖರಾಬು ಇದ್ದರೆ ಅದು, ಇಲ್ಲದಿದ್ದರೆ 0. ಈಗ 100, 40, 100. ಮೊತ್ತ 240 ಗುಂಟೆ, ಅಂದರೆ 6 ಎಕರೆ. ಎಸ್‌ಕ್ಯುಎಲ್‌ನಲ್ಲಾದರೆ ಇಲ್ಲದ ಮೌಲ್ಯ ‘ನಲ್’ ಆಗಿ ಸಾಲು ಉಳಿದುಕೊಳ್ಳುತ್ತಿತ್ತು, ಮೂರು ಸಾಲು ಹೋಗಿ ಮೂರು ಸಾಲು ಬರುತ್ತಿತ್ತು; ಆದರೆ ಅದರ ಮೊತ್ತದ ಫಂಕ್ಷನ್ ನಲ್‌ಗಳನ್ನು ಬಿಟ್ಟು ಕೂಡಿಸುವುದರಿಂದ ಅಲ್ಲಿಯೂ ಅಂತಿಮ ತಪ್ಪು ಇದೇ ಆಗುತ್ತಿತ್ತು. ಘಟಕಗಳ ಸಂಖ್ಯೆ ಕಾಯ್ದುಕೊಳ್ಳಬೇಕಾದ ಕೆಲಸಗಳಿಗೆಂದು ಎಕ್ಸ್‌ಕ್ವೆರಿ 3.1ರಲ್ಲಿ ಅರೇಗಳು ಬಂದವು. ಅರೇಗಳ ಮೇಲಿನ ಮ್ಯಾಪಿಂಗ್ ಫಂಕ್ಷನ್ ಚಪ್ಪಟೆ ಮಾಡುವುದಿಲ್ಲ. ಲಿಂಕ್‌ನಲ್ಲಿ ಇವೆರಡಕ್ಕೂ ‘ಸೆಲೆಕ್ಟ್’, ‘ಸೆಲೆಕ್ಟ್‌ಮೆನಿ’ ಎಂಬ ಬೇರೆ ಬೇರೆ ಹೆಸರುಗಳಿವೆ. ಓದುವವರಿಗೆ ಅದು ಹೆಚ್ಚು ನಿಚ್ಚಳ.

ಮೂರನೆಯದು ಚಿಹ್ನೆಗಳ ಡಿಕ್ಕಿ. ಕೀಲಿಮಣೆಯ ಚಿಹ್ನೆಗಳು ಬೆರಳೆಣಿಕೆಯವು, ಬಹುತೇಕ ಎಲ್ಲಕ್ಕೂ ಆಗಲೇ ಒಂದು ಕೆಲಸ ಇರುತ್ತದೆ. ಮೇಲಿನ ಉದಾಹರಣೆಯಲ್ಲಿ ಕಳೆಯುವ ಚಿಹ್ನೆಯ ಎರಡೂ ಬದಿಗೆ ಜಾಗ ಬಿಟ್ಟಿರುವುದು ಅಂದಕ್ಕಲ್ಲ: ಎಕ್ಸ್‌ಎಂಎಲ್ ಹೆಸರಿನ ನಡುವೆ ಅಡ್ಡಗೆರೆ ಬರಬಹುದಾದ್ದರಿಂದ ‘ಗುಂಟೆ-ಖರಾಬು’ ಎಂದು ಕೂಡಿಸಿ ಬರೆದರೆ ಅದು ಒಂದೇ ಅಂಶದ ಹೆಸರಾಗುತ್ತದೆ. ಡಕ್‌ಡಿಬಿ ಡೇಟಾಬೇಸ್ ಪಟ್ಟಿಯ ಮೇಲೆ ಓಡಿಸುವ ಹೆಸರಿಲ್ಲದ ಫಂಕ್ಷನ್ನಿಗೆ -> ಬಾಣವನ್ನು ಬಳಸುತ್ತಿತ್ತು. ಜೇಸಾನ್‌ನಿಂದ ಮೌಲ್ಯ ತೆಗೆಯುವ ಚಿಹ್ನೆಯೂ ಅದೇ. ಗೊಂದಲ ತಪ್ಪಿಸಲು 2025ರ 1.3 ಆವೃತ್ತಿಯಲ್ಲಿ ‘ಲ್ಯಾಂಬ್ಡಾ’ ಎಂಬ ಪದವನ್ನೇ ಬರೆಯುವ ಹೊಸ ರೂಪ ತಂದು ಬಾಣವನ್ನು ಹಂತಹಂತವಾಗಿ ಕೈಬಿಡುವುದಾಗಿ ಅದು ಪ್ರಕಟಿಸಿತು.

ಕನ್ನಡ ಹೆಸರುಗಳನ್ನು ಬಳಸುವವರಿಗೆ ಇನ್ನೊಂದು ತೊಡಕು ಕಾದಿರುತ್ತದೆ. ‘ಹೋಬಳಿ’ ಪದದ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ ಮತ್ತು ದೀರ್ಘ ಚಿಹ್ನೆಗಳ ಮೂರು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಎಕ್ಸ್‌ಪಾತ್ ಹೆಸರುಗಳನ್ನು ಸಂಕೇತದಿಂದ ಸಂಕೇತಕ್ಕೆ ಹೋಲಿಸುವುದರಿಂದ, ದಾಖಲೆಯಲ್ಲಿ ಒಂದು ರೂಪ, ಕ್ವೆರಿಯಲ್ಲಿ ಇನ್ನೊಂದು ರೂಪ ಇದ್ದರೆ //ಹೋಬಳಿ ಎಂಬ ಕ್ವೆರಿಗೆ ಏನೂ ಸಿಗುವುದಿಲ್ಲ. ಮುಂದಿನ ಮ್ಯಾಪಿಂಗ್ ಶೂನ್ಯ ಅನುಕ್ರಮದ ಮೇಲೆ ನಿರಾತಂಕವಾಗಿ ನಡೆದು ಶೂನ್ಯವನ್ನೇ ಕೊಡುತ್ತದೆ. ದಾಖಲೆಗಳನ್ನು ಒಳತೆಗೆದುಕೊಳ್ಳುವಾಗಲೇ ಒಂದು ರೂಪಕ್ಕೆ ಸಮೀಕರಿಸುವುದು ಇದಕ್ಕೆ ಪರಿಹಾರ.

ಕಾರ್ಯದಕ್ಷತೆ

ಎಕ್ಸ್‌ಕ್ವೆರಿಯಲ್ಲಿ ಫಲಿತದ ಕ್ರಮ ನಿಶ್ಚಿತ, ಲೆಕ್ಕ ಹಾಕುವ ಕ್ರಮ ನಿಶ್ಚಿತವಲ್ಲ. ಒಂದು ಘಟಕದ ಲೆಕ್ಕ ಇನ್ನೊಂದನ್ನು ಅವಲಂಬಿಸದ ಕಾರಣ ಯಂತ್ರ ಅವನ್ನು ಸಮಾನಾಂತರವಾಗಿ ನಡೆಸಬಹುದು. ! ಚಿಹ್ನೆಗೆ ಮರುಜೋಡಣೆಯ ಖರ್ಚೂ ಇಲ್ಲ. ಪಥ ಚಿಹ್ನೆಯಲ್ಲಿ ಕ್ರಮ ಆಗಲೇ ಸರಿಯಿದೆ ಎಂದು ಯಂತ್ರ ಸಾಧಿಸಲಾಗದಿದ್ದರೆ ಆ ಖರ್ಚು ಬೀಳುತ್ತದೆ.

ಘಟಕಕ್ಕೊಮ್ಮೆ ಫಂಕ್ಷನ್ ಕರೆಯುವುದು ದೊಡ್ಡ ದತ್ತಾಂಶದಲ್ಲಿ, ಅದರಲ್ಲೂ ಫಂಕ್ಷನ್ನಿನೊಳಗೆ ಇನ್ನೊಂದು ಕ್ವೆರಿ ಇದ್ದಾಗ, ನಿಧಾನ. ಮುಂಬಯಿ ಐಐಟಿಯಲ್ಲಿ ರವೀಂದ್ರ ಗುರವಣ್ಣವರ ಮತ್ತು ಎಸ್. ಸುದರ್ಶನ್ 2008ರಲ್ಲಿ ಪ್ರಕಟಿಸಿದ ಸಂಶೋಧನೆ ಇಂಥ ಬಿಡಿ ಕರೆಗಳನ್ನು ಒಟ್ಟುಗೂಡಿಸಿ ಗಣರೂಪದ ಒಂದೇ ಕ್ವೆರಿಯಾಗಿ ತಿರುಗಿ ಬರೆಯುವ ವಿಧಾನ ಕೊಟ್ಟಿತು. ಎಸ್‌ಕ್ಯುಎಲ್ ಸರ್ವರ್ 2019 ಬಳಕೆದಾರರು ಬರೆದ ಫಂಕ್ಷನ್ನುಗಳನ್ನು ಕ್ವೆರಿಯೊಳಗೇ ಬಿಡಿಸಿ ಬೆರೆಸುವ ಸೌಲಭ್ಯ ತಂದಿತು. 

ಬಳಕೆ

ಘಟಕಗಳ ಪರಿವರ್ತನೆ (ಅಳತೆ, ದಿನಾಂಕ, ಲಿಪಿ), ವರದಿ ತಯಾರಿಕೆ, ಎಕ್ಸ್‌ಎಂಎಲ್‌ನಿಂದ ವೆಬ್ ಪುಟ ಅಥವಾ ಜೇಸಾನ್ ತಯಾರಿಸುವುದು ಮ್ಯಾಪಿಂಗ್‌ನ ನಿತ್ಯದ ಬಳಕೆಗಳು. ಎಕ್ಸ್‌ಕ್ವೆರಿ ಓಡಿಸುವ ತಂತ್ರಾಂಶಗಳಲ್ಲಿ ಸ್ಯಾಕ್ಸನ್, ಬೇಸ್‌ಎಕ್ಸ್, ಎಕ್ಸಿಸ್ಟ್-ಡಿಬಿ ಹೆಸರಾದವು. ಪ್ರಕಾಶನ ಸಂಸ್ಥೆಗಳು, ಗ್ರಂಥಸಂಪಾದನೆ ಮತ್ತು ಶಾಸನಪಾಠಗಳ ಡಿಜಿಟಲ್ ಯೋಜನೆಗಳು ಇವುಗಳ ಮುಖ್ಯ ಬಳಕೆದಾರರು. ಬ್ಯಾಂಕು, ಕಚೇರಿ, ಭೂದಾಖಲೆಯಂಥ ಕೋಷ್ಟಕ ರೂಪದ ದತ್ತಾಂಶದಲ್ಲಿ ಎಸ್‌ಕ್ಯುಎಲ್‌ನದೇ ಮೇಲುಗೈ. ಅಲ್ಲಿ ಪಟ್ಟಿಯನ್ನು ‘ಅನ್‌ನೆಸ್ಟ್’ ಮೂಲಕ ಸಾಲುಗಳಾಗಿ ಬಿಡಿಸಿ, ಲೆಕ್ಕ ಹಾಕಿ, ಮತ್ತೆ ಪಟ್ಟಿಯಾಗಿ ಕಟ್ಟುವುದು ರೂಢಿ. ಬಿಡಿಸಿದ ಮೇಲೆ ಕ್ರಮ ಬೇಕೆಂದರೆ ಘಟಕದ ಸ್ಥಾನವನ್ನೂ ಜೊತೆಗೆ ಕೇಳಬೇಕು. ಪೋಸ್ಟ್‌ಗ್ರೆಸ್ ಈ ಸೌಲಭ್ಯವನ್ನು 2014ರ 9.4 ಆವೃತ್ತಿಯಿಂದ ಕೊಡುತ್ತಿದೆ.

ಇಂದಿನ ಸ್ಥಿತಿ

3.1 ಆವೃತ್ತಿಯ ನಂತರ ಡಬ್ಲ್ಯು3ಸಿಯ ಎಕ್ಸ್‌ಎಂಎಲ್ ಕ್ವೆರಿ ಕಾರ್ಯತಂಡ ಮುಕ್ತಾಯವಾಯಿತು. ಕೆಲಸ ಈಗ ಮೈಕೆಲ್ ಕೇ ಮೊದಲಾದವರು ಭಾಗವಹಿಸುವ ಸಮುದಾಯ ಗುಂಪಿನಲ್ಲಿ ನಡೆದಿದೆ. ಅದರ 4.0 ಕರಡು =!> ಎಂಬ ಮ್ಯಾಪಿಂಗ್ ಬಾಣವನ್ನು ಸೇರಿಸಿದೆ. ಬಾಣದಂತೆ ಎಡದಿಂದ ಬಲಕ್ಕೆ ಓದಿಸಿಕೊಂಡು, ! ಚಿಹ್ನೆಯಂತೆ ಒಂದೊಂದೇ ಘಟಕವನ್ನು ದಾಟಿಸುತ್ತದೆ:

//ಹಿಸ್ಸೆ =!> ಭೂ:ಗುಂಟೆಗೆ()

ಹೀಗೆ ಬಂದರೆ ಪಥ ಚಿಹ್ನೆ, !, ಚರ ಬಂಧನ, ಫಂಕ್ಷನ್ ಕರೆ ಇವುಗಳ ಜೊತೆಗೆ ಒಂದೇ ಭಾಷೆಯಲ್ಲಿ ಮ್ಯಾಪಿಂಗ್‌ಗೆ ಐದು ಬರವಣಿಗೆಗಳಾಗುತ್ತವೆ. ಹೊಸದಾಗಿ ಕಲಿಯುವವರಿಗೆ ಇದು ಹೊರೆಯೇ; ಆದರೆ ಈಗಾಗಲೇ ಬರೆದಿಟ್ಟ ಕ್ವೆರಿಗಳು ಕೆಡಬಾರದೆಂಬ ಕಾರಣಕ್ಕೆ ಹಳೆಯ ಯಾವ ರೂಪವನ್ನೂ ತೆಗೆಯುವಂತಿಲ್ಲ. ಎಸ್‌ಕ್ಯುಎಲ್ ವಂಶದ ಭಾಷೆಗಳಲ್ಲಿ ಹೆಸರಿಲ್ಲದ ಫಂಕ್ಷನ್ನುಗಳ ಬರವಣಿಗೆ ಇನ್ನೂ ಒಂದು ರೂಪಕ್ಕೆ ಬಂದಿಲ್ಲ. ಸ್ಪಾರ್ಕ್‌ನಲ್ಲಿ ಬಾಣ, ಡಕ್‌ಡಿಬಿಯಲ್ಲಿ ‘ಲ್ಯಾಂಬ್ಡಾ’ ಪದ. ಆದ್ದರಿಂದ ಪಟ್ಟಿಯ ಮೇಲಿನ ಮ್ಯಾಪಿಂಗ್ ಇರುವ ಕ್ವೆರಿಯನ್ನು ಒಂದು ಡೇಟಾಬೇಸ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಆ ಭಾಗವನ್ನು ಕೈಯಾರೆ ತಿದ್ದಬೇಕಾಗುತ್ತದೆ.